ಕಚ್ಚಿಕೊಂಡ ಚಕ್ರದ ನಟ್, ಮುರಿದ ಸ್ಟಡ್: ಮೋಟಾರು ಮೆಕ್ಯಾನಿಕ್ ಕಲಿಯುವವರಿಗೆ ಅಧ್ಯಯನ ಟಿಪ್ಪಣಿ

ಚಕ್ರದ ನಟ್ ಬಿಚ್ಚಲಾಗದಂತೆ ಕಚ್ಚಿಕೊಳ್ಳುವುದನ್ನೂ ಚಕ್ರದ ಸ್ಟಡ್ (ಚಕ್ರ ಕೂರುವ ಹಬ್‌ನಿಂದ ಹೊರಚಾಚಿದ, ನಟ್ ಹಿಡಿಯುವ ಥ್ರೆಡ್ ಕಡ್ಡಿ) ಮುರಿಯುವುದನ್ನೂ ನಾವು ಸಾಮಾನ್ಯವಾಗಿ ಎರಡು ಬೇರೆ ದೋಷಗಳೆಂದು ಬರೆದುಕೊಳ್ಳುತ್ತೇವೆ. ಬಿಚ್ಚಿದ ಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬಹುಪಾಲು ಒಂದೇ ಕಡೆಯಿಂದ ಹೊರಟಿರುತ್ತವೆ: ಹಿಂದಿನ ಸಲ ಆ ಚಕ್ರವನ್ನು ಹಾಕಿದಾಗ ನಟ್ಟನ್ನು ಎಷ್ಟು ಬಿಗಿಯಲಾಯಿತು, ಆಗ ಥ್ರೆಡ್ ಯಾವ ಸ್ಥಿತಿಯಲ್ಲಿತ್ತು ಎಂಬುದರಿಂದ. ಆದ್ದರಿಂದ ಮುರಿದ ಸ್ಟಡ್ಡಿನ ಜಾಗಕ್ಕೆ ಹೊಸದನ್ನು ಕೂರಿಸುವುದು ಕೆಲಸದ ಅರ್ಧ ಮಾತ್ರ. ಅದು ಏಕೆ ಮುರಿಯಿತು ಎಂದು ತಿಳಿದು, ಅದೇ ಚಕ್ರದಲ್ಲಿ ಉಳಿದಿರುವ ಮೂರೋ ನಾಲ್ಕೋ ಸ್ಟಡ್‌ಗಳನ್ನು ಇಟ್ಟುಕೊಳ್ಳಬಹುದೇ ಎಂದು ತೀರ್ಮಾನಿಸುವುದು ಉಳಿದರ್ಧ. ಈ ಟಿಪ್ಪಣಿ ಸ್ಟಡ್ ಮತ್ತು ನಟ್ ಇರುವ ಕಾರು, ಜೀಪುಗಳನ್ನು ಕುರಿತದ್ದು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಸ್ಟಡ್ ಇರುವುದಿಲ್ಲ, ಬೋಲ್ಟೇ ನೇರವಾಗಿ ಹಬ್‌ನ ಥ್ರೆಡ್‌ಗೆ ಇಳಿಯುತ್ತದೆ. ಅಲ್ಲಿ ಮುರಿದ ತುಂಡನ್ನು ಹಬ್‌ನೊಳಗಿಂದ ಕೊರೆದು ತೆಗೆಯಬೇಕಾಗುವುದರಿಂದ ಅದು ಬೇರೆಯೇ ಕೆಲಸ.

ಬಿಗಿತದ ಲೆಕ್ಕ

ನಟ್ ತಿರುಗಿಸಲು ನಾವು ಹಾಕುವ ಟಾರ್ಕ್‌ನಲ್ಲಿ, ಅಂದರೆ ತಿರುಚುವ ಬಲದಲ್ಲಿ, ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಸ್ಟಡ್ಡನ್ನು ಎಳೆದು ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುವ ಬಲವಾಗುತ್ತದೆ. ಉಳಿದದ್ದು ನಟ್ಟಿನ ಸೀಟಿನಲ್ಲಿಯೂ (ನಟ್ ರಿಮ್‌ಗೆ ಒತ್ತಿ ಕೂರುವ ಮುಖ) ಥ್ರೆಡ್‌ಗಳ ನಡುವೆಯೂ ಘರ್ಷಣೆಗೆ ಹೋಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಮಾರುತಿ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಎಂ12 ಗುಣಿಸು 1.25 ಅಳತೆಯ (12 ಮಿಲಿಮೀಟರ್ ವ್ಯಾಸ, 1.25 ಮಿಲಿಮೀಟರ್ ಥ್ರೆಡ್ ಅಂತರ) ಸ್ಟಡ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಣ ಥ್ರೆಡ್‌ಗೆ ಲೆಕ್ಕದಲ್ಲಿ ಬಳಸುವ ಘರ್ಷಣಾಂಶ 0.2. ನಟ್ಟನ್ನು 100 ನ್ಯೂಟನ್ ಮೀಟರ್‌ಗೆ ಬಿಗಿದರೆ, ಆ ಟಾರ್ಕನ್ನು 0.2 ಮತ್ತು 0.012 ಮೀಟರ್ ವ್ಯಾಸದ ಗುಣಲಬ್ಧದಿಂದ ಭಾಗಿಸಿದಾಗ ಸ್ಟಡ್ಡಿನ ಮೇಲೆ ಸುಮಾರು 42 ಕಿಲೋನ್ಯೂಟನ್ ಎಳೆತ ಸಿಗುತ್ತದೆ, ಅಂದರೆ ನಾಲ್ಕು ಟನ್ನಿಗೂ ಸ್ವಲ್ಪ ಹೆಚ್ಚು ಭಾರ. ಇದೇ ಥ್ರೆಡ್‌ಗೆ ಎಣ್ಣೆಯೋ ಗ್ರೀಸೋ ಸವರಿ ಘರ್ಷಣಾಂಶ 0.13ಕ್ಕೆ ಇಳಿಯಿತೆಂದುಕೊಳ್ಳಿ, ಟಾರ್ಕ್ ವ್ರೆಂಚ್ ಅದೇ 100ನ್ನು ತೋರಿಸುತ್ತಿರುವಾಗಲೇ ಎಳೆತ 64 ಕಿಲೋನ್ಯೂಟನ್‌ಗೆ ಏರಿರುತ್ತದೆ. ಸ್ಟಡ್ 10.9 ದರ್ಜೆಯದಾಗಿದ್ದರೆ (ಈ ಅಂಕಿ ಉಕ್ಕಿನ ಬಲದ ಗುರುತು) ಅದು ಶಾಶ್ವತವಾಗಿ ಹಿಗ್ಗದೆ ತಾಳಿಕೊಳ್ಳುವ ಮಿತಿ ಸುಮಾರು 76 ಕಿಲೋನ್ಯೂಟನ್, 8.8 ದರ್ಜೆಯದಾಗಿದ್ದರೆ ಸುಮಾರು 53. ತಯಾರಕರು ಕೊಡುವ ಟಾರ್ಕ್ ಬಹುತೇಕ ಒಣ, ಶುದ್ಧ ಥ್ರೆಡ್‌ಗೆ ಹೇಳಿದ್ದು. ಮುಂದಿನ ಸಲ ಸುಲಭವಾಗಿ ಬಿಚ್ಚಲಿ ಎಂದು ಗ್ರೀಸ್ ಹಚ್ಚುವ ರೂಢಿ ಸದುದ್ದೇಶದ್ದೇ ಆದರೂ, ಅದು ಸ್ಟಡ್ಡನ್ನು ಅದರ ಮಿತಿಯ ಹತ್ತಿರಕ್ಕೋ ಮಿತಿಯಾಚೆಗೋ ಒಯ್ಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಏರ್ ಗನ್. ಅರ್ಧ ಇಂಚಿನ ಗನ್‌ಗಳಲ್ಲಿ ಹಲವು 500 ನ್ಯೂಟನ್ ಮೀಟರ್‌ಗೂ ಹೆಚ್ಚು ಕೊಡಬಲ್ಲವು. ಒಣ ಥ್ರೆಡ್‌ನಲ್ಲಿ 250 ದಾಟಿದರೇ ಮೇಲಿನ ಸ್ಟಡ್ಡಿನ ಮೇಲೆ 100 ಕಿಲೋನ್ಯೂಟನ್ ಮೀರಿದ ಎಳೆತ ಬೀಳುತ್ತದೆ, ಅದು 10.9 ದರ್ಜೆಯ ಸ್ಟಡ್ ಮುರಿಯುವ ಬಲಕ್ಕಿಂತಲೂ ಹೆಚ್ಚು. ಗನ್ನಿನಿಂದ ನಟ್ಟನ್ನು ಮೆಲ್ಲಗೆ ಸೀಟಿಗೆ ತಂದು ನಿಲ್ಲಿಸಿ ಕೊನೆಯ ಬಿಗಿತವನ್ನು ಟಾರ್ಕ್ ವ್ರೆಂಚ್‌ನಲ್ಲಿಯೇ ಕೊಡಬೇಕು ಎಂಬ ನಿಯಮಕ್ಕೆ ಕಾರಣ ಈ ಅಂಕಿಗಳೇ.

ಇನ್ನೊಂದು ಉಪಯುಕ್ತ ಸಂಗತಿಯಿದೆ. ಬಿಚ್ಚುವಾಗ ಥ್ರೆಡ್‌ನ ಇಳಿಜಾರು ನಮಗೆ ನೆರವಾಗುವುದರಿಂದ, ಸರಿಯಾಗಿ ಬಿಗಿದ ಶುದ್ಧ ನಟ್ ಬಿಗಿದದ್ದಕ್ಕಿಂತ ಸ್ವಲ್ಪ ಕಡಿಮೆ ಟಾರ್ಕ್‌ಗೇ ಸಡಿಲವಾಗುತ್ತದೆ. 100ಕ್ಕೆ ಬಿಗಿದಿರಬೇಕಾದ ನಟ್ 250ಕ್ಕೂ ಅಲುಗದಿದ್ದರೆ ಅದು ಅತಿಯಾಗಿ ಬಿಗಿದದ್ದು, ಅಥವಾ ತುಕ್ಕು ಹಿಡಿದದ್ದು, ಅಥವಾ ಥ್ರೆಡ್ ತಪ್ಪಿ ಅಡ್ಡಡ್ಡ ಕೂತದ್ದು. ಯಾವುದೆಂದು ತಿಳಿಯದೆ ಪಾನಾಕ್ಕೆ ಇನ್ನೂ ಉದ್ದದ ಪೈಪು ತೂರಿಸುವುದು ಸರಿಯಲ್ಲ.

ಕಚ್ಚಿಕೊಂಡ ನಟ್ಟನ್ನು ಬಿಚ್ಚುವುದು

ಮೊದಲು ತಿರುಗಿಸುವ ದಿಕ್ಕನ್ನು ಖಚಿತಪಡಿಸಿಕೊಳ್ಳಬೇಕು. ವಿಲ್ಲೀಸ್ ಜೀಪು ಮತ್ತು ಕೆಲವು ಹಳೆಯ ವಾಹನಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡ ಥ್ರೆಡ್ ಇರುತ್ತದೆ. ಅಲ್ಲಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ನಟ್ ಬಿಚ್ಚಿಕೊಳ್ಳುತ್ತದೆ. ಸ್ಟಡ್ಡಿನ ತುದಿಯಲ್ಲಿ ಎಲ್ ಎಂಬ ಗುರುತು ಇದೆಯೇ ಎಂದು ಒರೆಸಿ ನೋಡುವುದಕ್ಕೆ ಅರೆಕ್ಷಣ ಸಾಕು, ನೋಡದಿದ್ದರೆ ಕಳೆದುಕೊಳ್ಳುವುದು ಒಂದು ಒಳ್ಳೆಯ ಸ್ಟಡ್.

ಚಕ್ರ ನೆಲದ ಮೇಲಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು, ಬೇರೆ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು ಮೊದಲ ಸಡಿಲಿಕೆ ಮಾಡಬೇಕು. ಜಾಕ್ ಮೇಲಿರುವ ವಾಹನದ ನಟ್ಟಿಗೆ ಉದ್ದನೆಯ ಪಾನಾ ಹಾಕಿ ಮೈಭಾರ ಬಿಟ್ಟರೆ ವಾಹನವೇ ಜಾಕ್‌ನಿಂದ ಜಾರಬಹುದು. ಸಾಕೆಟ್ ಆರು ಮೂಲೆಯದೇ ಆಗಿರಬೇಕು, ಏಕೆಂದರೆ ಅದು ನಟ್ಟಿನ ಸಮತಟ್ಟಾದ ಬದಿಗಳನ್ನು ಹಿಡಿಯುತ್ತದೆ. ಹನ್ನೆರಡು ಮೂಲೆಯ ಸಾಕೆಟ್ ಮೂಲೆಗಳನ್ನಷ್ಟೇ ಹಿಡಿದು ನಟ್ಟನ್ನು ದುಂಡಗೆ ಮಾಡಿಬಿಡುತ್ತದೆ. ತಗಡಿನ ಹೊಳೆಯುವ ಟೊಪ್ಪಿಗೆ ಹೊದಿಸಿದ ನಟ್‌ಗಳಲ್ಲಿ ಒಳಗೆ ತುಕ್ಕು ಬೆಳೆದು ಟೊಪ್ಪಿಗೆ ಉಬ್ಬಿರುತ್ತದೆ. ಆಗ 19 ಮಿಲಿಮೀಟರ್ ಸಾಕೆಟ್ ಒಳಗೇ ಇಳಿಯದು. ಟೊಪ್ಪಿಗೆಯನ್ನು ಚಾಣದಿಂದ ಸುಲಿದು ತೆಗೆದು, ಒಳಗಿನ ನಿಜವಾದ ನಟ್ಟಿನ ಅಳತೆಗೆ ಹೊಂದುವ ಚಿಕ್ಕ ಸಾಕೆಟ್ ಹಾಕಬೇಕು.

ಕಬ್ಬಿಣ ತುಕ್ಕಾಗಿ ಮಾರ್ಪಟ್ಟಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಥ್ರೆಡ್‌ಗಳ ನಡುವಿನ ಸಂದಿನಲ್ಲಿ ಆ ಜಾಗ ಇಲ್ಲದಿರುವುದರಿಂದ ನಟ್ಟು ಬೆಣೆ ಹೊಡೆದಂತೆ ಬಿಗಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡುವ ವಾಹನಗಳಲ್ಲಿ ಉಪ್ಪಿನ ಗಾಳಿಯೂ ಮಳೆಗಾಲದ ನೀರೂ ಸೇರಿ ಇದು ಬೇಗ ಆಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆಗೆ ಬೇಕಾದದ್ದು ಸಮಯ. ತಂತಿ ಬ್ರಷ್‌ನಿಂದ ಸ್ಟಡ್ಡಿನ ಹೊರಚಾಚಿದ ಥ್ರೆಡ್ ಉಜ್ಜಿ, ಎಣ್ಣೆ ಸಿಂಪಡಿಸಿ, ಸಾಧ್ಯವಾದರೆ ರಾತ್ರಿಯಿಡೀ ಬಿಟ್ಟು, ನಡುನಡುವೆ ನಟ್ಟಿನ ನೆತ್ತಿಗೆ ಸುತ್ತಿಗೆಯಿಂದ ಹದವಾದ ಪೆಟ್ಟು ಕೊಡಬೇಕು. ಪೆಟ್ಟಿನ ಕಂಪನದಿಂದ ತುಕ್ಕಿನ ಪದರ ಬಿರುಕುಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಎಣ್ಣೆ ಬ್ರೇಕ್ ಡಿಸ್ಕಿಗೋ ಡ್ರಮ್ಮಿಗೋ ತಾಗದಂತೆ ನೋಡಿಕೊಳ್ಳಬೇಕು. ನಟ್ ಸ್ವಲ್ಪ ಅಲುಗಿದ ಮೇಲೆ ಒಂದೇ ಸಮನೆ ಬಿಚ್ಚುತ್ತ ಹೋಗದೆ, ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿದು, ಮತ್ತೆ ಬಿಚ್ಚುವುದು ಕ್ಷೇಮ. ಹೀಗೆ ಮಾಡಿದರೆ ಪುಡಿಯಾದ ತುಕ್ಕು ಥ್ರೆಡ್‌ನಲ್ಲಿ ಸಿಕ್ಕಿ ಮತ್ತೆ ಕಚ್ಚುವುದಿಲ್ಲ. ಮೊದಲು ಸಡಿಲವಾಗಿ ಆಮೇಲೆ ಅರ್ಧ ದಾರಿಯಲ್ಲಿ ಬಿಗಿಯಾಗುವ ನಟ್ ಸಾಮಾನ್ಯವಾಗಿ ಥ್ರೆಡ್ ಕೆಟ್ಟ ನಟ್. ಅದನ್ನು ಬಲವಂತವಾಗಿ ತಿರುಗಿಸಿದರೆ ಸ್ಟಡ್ ಮುರಿಯುತ್ತದೆ, ಹಾಗೆಂದು ತಿಳಿದೇ ಮುಂದುವರಿಯಬೇಕು.

ಬೆಂಕಿಯ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ: ಟೈರ್ ಇರುವ ಚಕ್ರದ ನಟ್ಟಿಗೆ ಗ್ಯಾಸ್ ಜ್ವಾಲೆ ಹಿಡಿಯಬಾರದು. ರಿಮ್ ಕಾದಾಗ ಒಳಗಿನ ರಬ್ಬರು ಬೇಯುತ್ತ ಉರಿಯುವ ಅನಿಲಗಳನ್ನು ಬಿಡುತ್ತದೆ, ಟೈರ್ ಸಿಡಿದು ಪ್ರಾಣಹಾನಿಯಾಗಬಹುದು, ಗಾಳಿ ತೆಗೆದಿದ್ದರೂ ಈ ಅಪಾಯ ಪೂರ್ತಿ ತಪ್ಪುವುದಿಲ್ಲ. ಅಲಾಯ್ ಚಕ್ರವಾದರೆ ಶಾಖದಿಂದ ಅದರ ಬಲವೂ ಕುಂದುತ್ತದೆ, ಹಬ್‌ನ ಬೇರಿಂಗಿನ ಗ್ರೀಸು ಕರಗಿ ಸೀಲು ಸುಡುತ್ತದೆ. ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ಸಿಗುವುದೆಷ್ಟು ಎಂದು ಲೆಕ್ಕ ಹಾಕಿ ನೋಡಿ: 12 ಮಿಲಿಮೀಟರ್ ವ್ಯಾಸದ ಉಕ್ಕು 300 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಕೇವಲ 0.04 ಮಿಲಿಮೀಟರ್, ಅದೂ ಸ್ಟಡ್ ತಣ್ಣಗಿದ್ದು ನಟ್ ಮಾತ್ರ ಕಾದರೆ. ನಟ್ಟಿನ ಸುತ್ತ ಸುರುಳಿ ಇಟ್ಟು ವಿದ್ಯುತ್ತಿನಿಂದ ನಟ್ಟನ್ನಷ್ಟೇ ಕಾಯಿಸುವ ಇಂಡಕ್ಷನ್ ಹೀಟರ್ ಇದ್ದರೆ, ಟೈರ್ ಬಿಸಿಯಾಗದಂತೆ ಎಚ್ಚರ ವಹಿಸಿ ಕೆಲವೇ ಸೆಕೆಂಡುಗಳ ಮಟ್ಟಿಗೆ ಅದನ್ನು ಬಳಸಬಹುದು. ಹೇಗೆ ಕಾಯಿಸಿದರೂ ಕೆಂಪಗಾದ ಸ್ಟಡ್ ತನ್ನ ಹದ ಕಳೆದುಕೊಂಡಿರುತ್ತದೆ, ಅದನ್ನು ಬದಲಿಸಲೇಬೇಕು.

ಮೂಲೆ ಸವೆದು ದುಂಡಗಾದ ನಟ್ಟಿಗೆ ಒಳಗೆ ತಿರುಚಿದ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಹೊಡೆದು ಕೂರಿಸಿ ತಿರುಗಿಸುವುದು ಒಳ್ಳೆಯ ದಾರಿ. ಅದಿಲ್ಲದಿದ್ದರೆ ಸ್ವಲ್ಪ ಚಿಕ್ಕದಾದ ಹಳೆಯ ಸಾಕೆಟ್ ಒಂದನ್ನು ಹೊಡೆದು ಕೂರಿಸಬಹುದು, ಆ ಸಾಕೆಟ್ಟನ್ನು ಮತ್ತೆ ನೆಚ್ಚುವಂತಿಲ್ಲ. ಕಬ್ಬಿಣದ ಚಕ್ರದಲ್ಲಿ ಚಾಣದಿಂದ ನಟ್ಟನ್ನು ಸೀಳಲು ಜಾಗ ಸಿಗುತ್ತದೆ, ಅಲಾಯ್ ಚಕ್ರದ ಆಳದ ಗುಳಿಯಲ್ಲಿ ಸಿಗುವುದಿಲ್ಲ. ಅಲ್ಲಿ ಕೊನೆಯ ದಾರಿಯೆಂದರೆ ಸ್ಟಡ್ಡನ್ನೇ ನಡುವಿನಿಂದ ಕೊರೆಯುವುದು.

ಇವೆಲ್ಲಕ್ಕಿಂತ ಕಠಿಣವಾದದ್ದು ನಟ್ಟಿನ ಜೊತೆ ಸ್ಟಡ್ಡೂ ತಿರುಗುವ ಸ್ಥಿತಿ. ಸ್ಟಡ್ಡಿನ ತಲೆಯ ಹತ್ತಿರ ಉದ್ದುದ್ದ ಗೀರುಗಳಿರುತ್ತವೆ, ಅವು ಹಬ್‌ನ ರಂಧ್ರದ ಗೋಡೆಯನ್ನು ಕಚ್ಚಿ ಹಿಡಿದು ಸ್ಟಡ್ ತಿರುಗದಂತೆ ತಡೆಯುತ್ತವೆ. ಹಿಡಿತ ತಪ್ಪಿದ ಮೇಲೆ ತಿರುಗಿಸಿದಷ್ಟೂ ರಂಧ್ರ ಸವೆಯುತ್ತದೆ. ಹಾಗಾಗಿ ತಿರುಗುತ್ತಿದೆ ಎಂದು ಗೊತ್ತಾದ ಕ್ಷಣವೇ ನಿಲ್ಲಿಸಿ ನಟ್ಟನ್ನು ಕತ್ತರಿಸುವ ಅಥವಾ ಕೊರೆಯುವ ದಾರಿ ಹಿಡಿಯಬೇಕು. ಸವೆದ ರಂಧ್ರಕ್ಕೆ ಅದೇ ಅಳತೆಯ ಹೊಸ ಸ್ಟಡ್ ಹೊಂದುವುದಿಲ್ಲ. ಗೀರಿನ ಭಾಗ ಹೆಚ್ಚು ದಪ್ಪವಿರುವ ಸ್ಟಡ್ ಸಿಕ್ಕರೆ ಸರಿ, ಇಲ್ಲವಾದರೆ ಹಬ್ಬನ್ನೇ ಬದಲಿಸಬೇಕು. ಸ್ಟಡ್ಡಿನ ತಲೆಯನ್ನು ಹಬ್‌ಗೆ ವೆಲ್ಡ್ ಮಾಡಿ ಮುಗಿಸುವ ಪದ್ಧತಿ ಕೆಲವು ಕಡೆ ಕಾಣಸಿಗುತ್ತದೆ. ವೆಲ್ಡಿನ ಶಾಖ ಹದಗೊಳಿಸಿದ ಉಕ್ಕನ್ನು ಪೆಡಸು ಮಾಡುವುದರಿಂದ ಹೊಸ ಮುರಿತ ಅಲ್ಲಿಂದಲೇ ಶುರುವಾಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು.

ಮುರಿದ ತುಂಡನ್ನು ಓದುವುದು

ಮುರಿದ ತುಂಡನ್ನು ಕಸಕ್ಕೆ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಇಡೀ ಮುರಿತ ಒಂದೇ ಬಣ್ಣದ್ದಾಗಿ, ಸುಳಿಯಂತೆ ತಿರುಚಿದ ಗುರುತಿದ್ದು, ಹತ್ತಿರದ ಥ್ರೆಡ್‌ಗಳು ಹಿಗ್ಗಿ ಕಂಠ ಸಣ್ಣಗಾಗಿದ್ದರೆ ಅದು ಒಂದೇ ಸಲಕ್ಕೆ ಅತಿಯಾದ ಟಾರ್ಕ್ ಬಿದ್ದು ಮುರಿದದ್ದು. ಒಂದು ಅಂಚಿನಿಂದ ಹೊರಟ ಬಾಗಿದ ರೇಖೆಗಳಿರುವ ನಯವಾದ, ತುಕ್ಕಿನ ಬಣ್ಣದ ಭಾಗವೊಂದು, ಅದರಾಚೆ ಒರಟಾದ ಹೊಸ ಭಾಗ ಇನ್ನೊಂದು ಕಂಡರೆ ಅದು ದಣಿವಿನ ಮುರಿತ. ಅಂದರೆ ಬಿರುಕು ಬಹಳ ಹಿಂದೆಯೇ ಹುಟ್ಟಿ ಓಡಾಟದಲ್ಲಿ ಮೆಲ್ಲಗೆ ಬೆಳೆದಿದೆ. ದಣಿವಿನ ಮುರಿತಕ್ಕೆ ಸಾಮಾನ್ಯ ಕಾರಣ ಅತಿ ಬಿಗಿತವಲ್ಲ, ಸಡಿಲತೆ: ಒತ್ತಿ ಹಿಡಿಯುವ ಬಲ ಸಾಕಷ್ಟಿಲ್ಲದಿದ್ದಾಗ ಚಕ್ರದ ಪ್ರತಿ ಸುತ್ತಿನಲ್ಲಿಯೂ ಸ್ಟಡ್ ಬಾಗಿ ಏಳುತ್ತದೆ. ರಿಮ್‌ನ ರಂಧ್ರಗಳು ಮೊಟ್ಟೆಯಾಕಾರಕ್ಕೆ ಎಳೆದಿವೆಯೇ, ಸೀಟಿನ ಸುತ್ತ ತುಕ್ಕಿನ ಗೆರೆ ಹರಿದಿದೆಯೇ ಎಂದು ನೋಡಿದರೆ ಇದು ದೃಢವಾಗುತ್ತದೆ.

ಈ ಓದಿಗೆ ನೇರವಾದ ಫಲವಿದೆ. ಒಂದು ಸ್ಟಡ್ ದಣಿವಿನಿಂದ ಹೋಗಿದ್ದರೆ ಅದರ ಪಾಲಿನ ಭಾರವನ್ನು ಇಬ್ಬದಿಯ ಸ್ಟಡ್‌ಗಳು ಹೊತ್ತಿವೆ. ಭಾರಿ ವಾಹನಗಳಲ್ಲಿ ಒಂದು ಮುರಿದರೆ ಅದರ ಎರಡು ಪಕ್ಕದವನ್ನೂ, ಎರಡು ಮುರಿದರೆ ಎಲ್ಲವನ್ನೂ ಬದಲಿಸುವುದು ಒಪ್ಪಿತ ಪದ್ಧತಿ. ನಾಲ್ಕೇ ಸ್ಟಡ್ ಇರುವ ಸಣ್ಣ ಕಾರಿನಲ್ಲಿ ಇಬ್ಬದಿಯವನ್ನು ಬದಲಿಸಿದ ಮೇಲೆ ಉಳಿಯುವುದು ಒಂದೇ ಆದ್ದರಿಂದ ನಾಲ್ಕನ್ನೂ ಬದಲಿಸುವುದು ಲೇಸು. ಸ್ಟಡ್ಡಿನ ಬೆಲೆ ಅದನ್ನು ತಲುಪಲು ಹಿಡಿಯುವ ಕೂಲಿಯ ಮುಂದೆ ಅಲ್ಪ. ಅತಿ ಬಿಗಿತದಿಂದ ಮುರಿದಿದ್ದರೂ ಉಳಿದ ನಟ್‌ಗಳನ್ನು ಅದೇ ಗನ್ನು ಬಿಗಿದಿದೆ ಎಂಬುದನ್ನು ಮರೆಯಬಾರದು: ಉಳಿದ ಪ್ರತಿ ಸ್ಟಡ್ಡಿಗೂ ಹೊಸ ನಟ್ಟನ್ನು ಕೈಯಿಂದಲೇ ಪೂರ್ತಿ ಓಡಿಸಿ ನೋಡಬೇಕು, ನಡುವೆ ಎಲ್ಲಿಯಾದರೂ ಬಿಗಿಯಾದರೆ ಆ ಸ್ಟಡ್ ಹಿಗ್ಗಿದೆ.

ಹೊಸ ಸ್ಟಡ್ ಕೂರಿಸುವುದು

ವಾಹನವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ತೂಗುಹಾಕಿ (ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು), ಡಿಸ್ಕ್ ಅಥವಾ ಡ್ರಮ್ ತೆಗೆಯಬೇಕು. ಹಬ್ಬನ್ನು ತಿರುಗಿಸಿ ಹಿಂದೆ ಜಾಗವಿರುವ ಕಡೆಗೆ ಮುರಿದ ಸ್ಟಡ್ಡನ್ನು ತಂದು ಅದನ್ನು ಒಳಬದಿಗೆ ತಳ್ಳಬೇಕು. ದೊಡ್ಡ ಸುತ್ತಿಗೆಯ ಪೆಟ್ಟು ಬೇರಿಂಗಿನ ಹಾದಿಯಲ್ಲಿ ಗುಳಿ ಬೀಳಿಸುತ್ತದೆ, ಆಮೇಲೆ ಅದು ಗುಂಯ್‌ಗುಡಲು ಶುರುವಾಗುತ್ತದೆ. ಆದ್ದರಿಂದ ಸಿ ಕ್ಲಾಂಪ್ ಮಾದರಿಯ ಒತ್ತುಸಾಧನವೇ ಮೇಲು. ಕೆಲವು ವಾಹನಗಳ ಮುಂಚಕ್ರದಲ್ಲಿ ಹಿಂದೆ ಸ್ಟಡ್ ಹೊರಬರುವಷ್ಟು ಜಾಗವೇ ಇರುವುದಿಲ್ಲ. ಅಲ್ಲಿ ಹಬ್ ಬಿಚ್ಚಿ ಪ್ರೆಸ್ಸಿನ ಕೆಳಗಿಡಬೇಕು, ಹಾಗೆ ಎಳೆದಾಗ ಬೇರಿಂಗ್ ಸಾಮಾನ್ಯವಾಗಿ ಕೆಡುವುದರಿಂದ ಹೊಸ ಬೇರಿಂಗಿನ ಖರ್ಚನ್ನು ಗಿರಾಕಿಗೆ ಮೊದಲೇ ತಿಳಿಸುವುದು ನ್ಯಾಯ.

ಹೊಸ ಸ್ಟಡ್ಡಿನ ವ್ಯಾಸ, ಥ್ರೆಡ್ ಅಂತರ, ಗೀರಿನ ಭಾಗದ ವ್ಯಾಸ, ಉದ್ದ ನಾಲ್ಕೂ ಹೊಂದಬೇಕು. ಟೊಯೋಟಾ, ಹ್ಯುಂಡೈ, ಹೋಂಡಾ ಕಾರುಗಳ 1.5 ಅಂತರದ ನಟ್ ಮಾರುತಿಯ 1.25 ಅಂತರದ ಸ್ಟಡ್ಡಿಗೆ ಒಂದೆರಡು ಸುತ್ತು ಹಿಡಿದಂತೆ ತೋರಿ ಆಮೇಲೆ ಥ್ರೆಡ್ಡನ್ನು ಹಾಳುಮಾಡುತ್ತದೆ. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ದಪ್ಪ ವಾಶರ್‌ಗಳನ್ನು ಹಾಕಿ, ಅವುಗಳ ನಡುವೆ ಚೂರು ಗ್ರೀಸ್ ಸವರಿ, ಹಳೆಯ ನಟ್ಟಿನ ಸಪಾಟು ಬದಿ ವಾಶರ್ ಕಡೆಗೆ ಬರುವಂತೆ ಹಾಕಿ ಕೈಪಾನಾದಿಂದ ಎಳೆಯಬೇಕು. ತಲೆ ಹಬ್‌ನ ಬೆನ್ನಿಗೆ ಪೂರ್ತಿ ತಾಗಿದೆಯೇ ಎಂದು ಹಿಂದಿನಿಂದ ಕಣ್ಣಾರೆ ನೋಡಬೇಕು. ಅರೆಬರೆ ಕೂತ ಸ್ಟಡ್ ಓಡಾಟದಲ್ಲಿ ಒಳಗೆಳೆದುಕೊಂಡಾಗ ನಟ್ ತಾನಾಗಿ ಸಡಿಲವಾಗುತ್ತದೆ. ಎಳೆಯಲು ಬಳಸಿದ ನಟ್ಟನ್ನು ಚಕ್ರಕ್ಕೆ ಹಾಕದೆ ತೆಗೆದಿಡಬೇಕು, ಸ್ಟಡ್ಡಿನ ಥ್ರೆಡ್‌ಗೆ ತಾಗಿದ ಗ್ರೀಸನ್ನು ಪೂರ್ತಿ ಒರೆಸಬೇಕು.

ಚಕ್ರ ಹಾಕುವ ಮುನ್ನ ಹಬ್ ಮತ್ತು ರಿಮ್ ಕೂಡುವ ಮುಖಗಳಿಂದ ತುಕ್ಕು, ಮಣ್ಣು, ದಪ್ಪ ಬಣ್ಣ ಮೂರನ್ನೂ ಉಜ್ಜಿ ತೆಗೆಯಬೇಕು. ನಟ್ಟಿನ ಸೀಟು ರಿಮ್‌ನ ಸೀಟಿಗೆ ಹೊಂದಬೇಕು: ಶಂಕುವಿನಾಕಾರದ ನಟ್ಟನ್ನು ವಾಶರ್ ಇರುವ ಚಪ್ಪಟೆ ಸೀಟಿನ ಅಲಾಯ್ ಚಕ್ರಕ್ಕೆ ಹಾಕಿದರೆ ಅದು ಅಂಚಿನಲ್ಲಷ್ಟೇ ತಾಗಿ ಕೂರುತ್ತದೆ. ಎಲ್ಲ ನಟ್‌ಗಳನ್ನೂ ಕೈಯಿಂದ ಹಿಡಿಸಿ, ಎದುರುಬದುರಾಗಿ ಎರಡು ಮೂರು ಹಂತಗಳಲ್ಲಿ ಬಿಗಿಯುತ್ತ, ವಾಹನವನ್ನು ನೆಲಕ್ಕಿಳಿಸಿದ ಮೇಲೆ ಕೈಪಿಡಿಯ ಟಾರ್ಕ್‌ಗೆ ಮುಗಿಸಬೇಕು. 50ರಿಂದ 100 ಕಿಲೋಮೀಟರ್ ಓಡಿದ ನಂತರ, ಚಕ್ರ ತಣ್ಣಗಿರುವಾಗ, ಮತ್ತೆ ಅದೇ ಟಾರ್ಕ್‌ಗೆ ಪರೀಕ್ಷಿಸಬೇಕು. ಆಗ ಹೊಸ ಸ್ಟಡ್ಡಿನ ನಟ್ ಒಂದಿಷ್ಟು ಅಲುಗಿದರೆ ಅದು ಸಹಜ. ಅರ್ಧ ಸುತ್ತಿನಷ್ಟು ತಿರುಗಿದರೆ ಸುಮ್ಮನೆ ಬಿಗಿದು ಕಳುಹಿಸದೆ, ಚಕ್ರ ಬಿಚ್ಚಿ ಸ್ಟಡ್ಡಿನ ತಲೆ ಎಲ್ಲಿ ಕೂತಿದೆ ಎಂದು ಮತ್ತೊಮ್ಮೆ ನೋಡಬೇಕು.