ಹೇಂಟೆಗೆ ಮೊಟ್ಟೆ ಸಿಕ್ಕಿಕೊಂಡಾಗ

ಎಮ್ಮೆ, ಆಕಳು, ಕುರಿಗೆ ಕಾಯಿಲೆಯಾದರೆ ಅದೇ ದಿನ ಪಶು ಆಸ್ಪತ್ರೆಗೆ ಬರುವವರು, ಹಿತ್ತಲ ಹೇಂಟೆಯೊಂದು ಮಂಕಾದರೆ ‘ನೋಡೋಣ’ ಎಂದು ಎರಡು ದಿನ ತಳ್ಳುತ್ತಾರೆ. ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆಯ ಮನೆಗಳಿಂದ ನನ್ನ ಬಳಿಗೆ ಬರುವ ಮೊಟ್ಟೆಕೋಳಿಗಳಲ್ಲಿ ಅಂಡನಾಳದ ತೊಂದರೆ ಸಾಮಾನ್ಯ. ಕೈಮೀರಿ ಹೋದ ಹೇಂಟೆಗಳು ಹೆಚ್ಚಾಗಿ ಈ ಎರಡು ದಿನಗಳಲ್ಲೇ ಕೈಮೀರಿರುತ್ತವೆ.

ಕೋಳಿಯ ದೇಹದಲ್ಲಿ ಎಡಭಾಗದ ಅಂಡಾಶಯ ಮತ್ತು ಅಂಡನಾಳ ಮಾತ್ರ ಪೂರ್ತಿ ಬೆಳೆದು ಕೆಲಸ ಮಾಡುತ್ತವೆ. ಅಂಡಾಶಯದಿಂದ ಬಿದ್ದ ಹಳದಿ ಭಾಗವು ನಾಳದಲ್ಲಿ ಸಾಗುತ್ತಾ ಬಿಳಿ ಲೋಳೆ, ಪೊರೆ, ಕೊನೆಗೆ ಚಿಪ್ಪು ಪಡೆದು ಹೊರಬರಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಸಿದ್ಧವಾದ ಮೊಟ್ಟೆ ದಾರಿಯಲ್ಲೇ ನಿಂತರೆ ಅದು ಕರುಳು, ರಕ್ತನಾಳ ಮತ್ತು ಕಾಲಿನ ನರಗಳನ್ನು ಒತ್ತುತ್ತದೆ, ಹಿಕ್ಕೆ ಕಟ್ಟುತ್ತದೆ, ಕೆಲವೊಮ್ಮೆ ಹಿಂದಿನಿಂದ ಇನ್ನೊಂದು ಮೊಟ್ಟೆಯೂ ಬಂದು ಸೇರುತ್ತದೆ. ಇಂಥ ಹೇಂಟೆಗೆ ಒಂದು ದಿನ ಎಂದರೆ ಬಹಳ ದೀರ್ಘ ಕಾಲ.

ಮನೆಯವರು ಹೆಚ್ಚಾಗಿ ಇದನ್ನು ಕಾವು ಎಂದು ತಿಳಿಯುತ್ತಾರೆ. ಜಗಳೂರು ಕಡೆಯ ಹೆಣ್ಣುಮಗಳೊಬ್ಬರು ಮಂಕರಿಯಲ್ಲಿ ಗಿರಿರಾಜ ತಳಿಯ ಹೇಂಟೆಯನ್ನು ಮುಚ್ಚಿಕೊಂಡು ತಂದು, “ಕಾವಿಗೆ ಕುಂತೈತೆ ಅಂದ್ಕಂಡಿದ್ವಿ ಸರ್, ಈಗ ಕಾಳೂ ಮುಟ್ಟಂಗಿಲ್ಲ” ಎಂದಿದ್ದರು. ಕಾವಿಗೆ ಕೂತ ಹೇಂಟೆ ಹತ್ತಿರ ಹೋದರೆ ಗರಿ ಕೆದರಿ ಗದರುತ್ತದೆ, ಕುಕ್ಕುತ್ತದೆ, ದಿನಕ್ಕೊಮ್ಮೆಯಾದರೂ ಎದ್ದು ಮೇದು ನೀರು ಕುಡಿದು ಬರುತ್ತದೆ. ಈ ಹೇಂಟೆ ಎದೆ ಮೇಲೆತ್ತಿ, ಬಾಲ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮಲದ್ವಾರದ ಪುಕ್ಕಗಳಿಗೆ ಹಿಕ್ಕೆ ಮೆತ್ತಿಕೊಂಡಿತ್ತು. ಹೊಟ್ಟೆಯ ಕೆಳಗೆ, ಹಿಂದಿನ ಎರಡು ಚೂಪು ಮೂಳೆಗಳ ನಡುವೆ ಅಂಗೈಯಿಟ್ಟು ಮೆಲ್ಲಗೆ ನೋಡಿದಾಗ ಮೊಟ್ಟೆ ಸ್ಪಷ್ಟವಾಗಿ ಸಿಕ್ಕಿತು. ಬಿಸಿನೀರಿನ ಉಪಚಾರ ಮತ್ತು ಕ್ಯಾಲ್ಸಿಯಂ ಚುಚ್ಚುಮದ್ದಿನ ನಂತರ ಅದೇ ಸಂಜೆ ಮೊಟ್ಟೆ ಹೊರಬಂತು. ಚಿಪ್ಪು ಬೆರಳಿಗೆ ತಗ್ಗುವಷ್ಟು ಮೆತ್ತಗಿತ್ತು. ಏನು ಹಾಕುತ್ತೀರಿ ಎಂದು ಕೇಳಿದರೆ, ಹೊಲದ ಮೆಕ್ಕೆಜೋಳ ಬಿಟ್ಟು ಬೇರೇನೂ ಇಲ್ಲ ಎಂಬ ಉತ್ತರ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಅಗಲವಾದ ಪಾತ್ರೆಯಲ್ಲಿ, ಎಳೆಗೂಸಿಗೆ ಎರೆಯುವ ಹದದ ಬೆಚ್ಚನೆಯ ನೀರು ತುಂಬಿ, ಹೇಂಟೆಯ ಹೊಟ್ಟೆ ಮುಳುಗುವಂತೆ 15ರಿಂದ 20 ನಿಮಿಷ ಹಿಡಿದು ಕೂರಿಸಬೇಕು. ನೀರು ಆರುತ್ತಾ ಬಂದರೆ ಬಿಸಿನೀರು ಬೆರೆಸಬೇಕು. ಅನಂತರ ಒದ್ದೆ ಉಳಿಯದಂತೆ ಚೆನ್ನಾಗಿ ಒರೆಸಿ, ಗೋಣಿಚೀಲ ಹಾಸಿದ ಪೆಟ್ಟಿಗೆಯಲ್ಲಿ, ಬೇರೆ ಕೋಳಿ ಮತ್ತು ಮಕ್ಕಳ ಗದ್ದಲವಿಲ್ಲದ ಮಬ್ಬುಗತ್ತಲಿನ ಬೆಚ್ಚನೆಯ ಮೂಲೆಯಲ್ಲಿ ಬಿಡಬೇಕು. ಕುಡಿಯುವ ನೀರು ಕೈಗೆಟಕುವಂತೆ ಇರಲಿ. ಮಲದ್ವಾರದ ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಬಹುದು. ಹಲವು ಹೇಂಟೆಗಳಿಗೆ ಇಷ್ಟೇ ಸಾಕಾಗುತ್ತದೆ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬಾರದಿದ್ದರೆ ಕಾಯದೆ ಆಸ್ಪತ್ರೆಗೆ ತರಬೇಕು.

ಹೊಟ್ಟೆ ಹಿಸುಕಿ ಮೊಟ್ಟೆ ಇಳಿಸಲು ಹೋಗಬಾರದು. ಒಳಗೆ ಒಡೆದ ಚಿಪ್ಪಿನ ಚೂರು ಅಂಡನಾಳವನ್ನು ಸೀಳುತ್ತದೆ, ನಂಜಾಗುತ್ತದೆ. ಬಾಯಿಗೆ ಎಣ್ಣೆ ಹುಯ್ಯುವುದೂ ಬೇಡ: ಅನ್ನನಾಳಕ್ಕೂ ಅಂಡನಾಳಕ್ಕೂ ಸಂಬಂಧವಿಲ್ಲ, ಎಣ್ಣೆ ಮೊಟ್ಟೆಯನ್ನು ತಲುಪುವುದಿಲ್ಲ, ಶ್ವಾಸನಾಳಕ್ಕಿಳಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಉಳಿದಿರುವ ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬೇಡಿ. ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯಲು ಕಾರಣವಾದ ನೋವಿನ ಔಷಧ ಡೈಕ್ಲೋಫಿನ್ಯಾಕ್‌ನ ಪಶುವೈದ್ಯಕೀಯ ಬಳಕೆಯನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಕೋಳಿಯ ಮೂತ್ರಪಿಂಡಕ್ಕೂ ಅದು ವಿಷವೇ.

ತಿಣುಕಿ ತಿಣುಕಿ ಅಂಡನಾಳದ ತುದಿಯೇ ಹೊರಬಂದಿದ್ದರೆ ಮೊದಲು ಆ ಹೇಂಟೆಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು, ಏಕೆಂದರೆ ಕೆಂಪು ಕಂಡ ಇತರ ಕೋಳಿಗಳು ಅದನ್ನು ಕುಕ್ಕಿ ಕುಕ್ಕಿ ಸಾಯಿಸಿಬಿಡುತ್ತವೆ. ಹೊರಬಂದ ಭಾಗವನ್ನು ಶುದ್ಧ ನೀರಿನಿಂದ ತೊಳೆದು, ಒಣಗದಂತೆ ಒದ್ದೆ ಬಟ್ಟೆ ಹೊದಿಸಿ ತನ್ನಿ. ಊತ ಹೆಚ್ಚಿದ್ದರೆ ಸಕ್ಕರೆಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿದರೆ ಅದು ಊತದ ನೀರನ್ನು ಹೀರಿಕೊಳ್ಳುತ್ತದೆ.

ಇನ್ನೊಂದು ಸ್ಥಿತಿಯಿದೆ, ಅದನ್ನು ಹೇಳುವುದು ನನಗೂ ಕಷ್ಟದ ಕೆಲಸ. ಹಳದಿ ಭಾಗವು ನಾಳಕ್ಕೆ ಬೀಳದೆ ಹೊಟ್ಟೆಯ ಪೊಳ್ಳಿಗೆ ಬಿದ್ದು, ಅಲ್ಲಿ ಸೋಂಕು ಸೇರಿ, ಹೊಟ್ಟೆ ಊದಿಕೊಳ್ಳುತ್ತದೆ. ಇಂಥ ಸೋಂಕಿಗೆ ಹೆಚ್ಚಾಗಿ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಕೈಗೆ ಗಟ್ಟಿ ಮೊಟ್ಟೆಯ ಬದಲು ನೀರು ತುಂಬಿದ ಚೀಲ ಸಿಕ್ಕಂತಾಗುತ್ತದೆ, ಹೇಂಟೆ ಬಾಯಿ ತೆರೆದು ಉಸಿರಾಡುತ್ತದೆ, ಜುಟ್ಟು ಕಪ್ಪಿಡುತ್ತದೆ. ಇಂಥ ಹೇಂಟೆಯನ್ನು ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸಿಕೊಂಡು ಬಸ್ಸು ಹತ್ತಿದರೆ, ಹೊಟ್ಟೆಯ ನೀರು ಗಾಳಿಚೀಲಗಳನ್ನು ಒತ್ತಿ ದಾರಿಯಲ್ಲೇ ಉಸಿರು ನಿಲ್ಲಬಹುದು. ಬುಟ್ಟಿಯಲ್ಲಿ ಕೂರಿಸಿ ತನ್ನಿ. ನೀರು ತೆಗೆದು, ಪ್ರತಿಜೈವಿಕ ಕೊಟ್ಟರೆ ಕೆಲವು ದಿನಗಳ ನೆಮ್ಮದಿ ಸಿಗುತ್ತದೆ; ಪೂರ್ತಿ ಗುಣವಾಗುವುದು ಕಡಿಮೆ. ನರಳಾಟ ಹೆಚ್ಚಿದ್ದರೆ ನೋವಿಲ್ಲದೆ ಮುಗಿಸುವುದೇ ಆ ಜೀವಕ್ಕೆ ಮಾಡುವ ಉಪಕಾರವೆಂದು ನಾನು ಮನೆಯವರಿಗೆ ನೇರವಾಗಿ ಹೇಳುತ್ತೇನೆ. ಹೇಗೂ ಸಾಯುತ್ತದೆಂದು ಕುಯ್ದು ಸಾರು ಮಾಡುವುದು ಖಂಡಿತ ಬೇಡ. ಔಷಧ ಪಡೆದು ಚೇತರಿಸಿಕೊಂಡ ಹೇಂಟೆಯ ಮೊಟ್ಟೆಗಳನ್ನೂ ವೈದ್ಯರು ಹೇಳಿದ ಅವಧಿಯವರೆಗೆ ತಿನ್ನಬಾರದು. ಒಂದರ ಹಿಂದೆ ಒಂದು ಕೋಳಿ ಮಂಕಾಗುತ್ತಿದ್ದರೆ ಅದು ಒಂದು ಹೇಂಟೆಯ ಅಂಡನಾಳದ ತೊಂದರೆಯಲ್ಲ. ಕೊಕ್ಕರೆ ರೋಗದಂಥ ಸಾಂಕ್ರಾಮಿಕವನ್ನು ಶಂಕಿಸಿ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು.

ಈಗ ಮೇವಿನ ಮಾತು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹೇಂಟೆ ದಿನಕ್ಕೆ ತಿನ್ನುವ 100 ಗ್ರಾಂ ಮೆಕ್ಕೆಜೋಳದಲ್ಲಿ ಸಿಗುವುದು ಒಂದು ಗ್ರಾಂನ ಇಪ್ಪತ್ತನೇ ಒಂದು ಭಾಗವೂ ಅಲ್ಲ. ಉಳಿದದ್ದನ್ನು ಅದು ತನ್ನ ಮೂಳೆಯಿಂದಲೇ ಕರಗಿಸಿ ಕೊಡುತ್ತದೆ, ಮೂಳೆ ಬರಿದಾದಾಗ ಚಿಪ್ಪು ತೆಳುವಾಗುತ್ತದೆ, ಮೊಟ್ಟೆಯನ್ನು ತಳ್ಳುವ ಸ್ನಾಯುವಿನ ಶಕ್ತಿಯೂ ಕುಗ್ಗುತ್ತದೆ. ಮೆಕ್ಕೆಜೋಳವೇ ಮುಖ್ಯ ಬೆಳೆಯಾದ ನಮ್ಮ ಜಿಲ್ಲೆಯಲ್ಲಿ ಮನೆಯ ಕಾಳನ್ನೇ ಹಾಕುವುದು ಸಹಜ; ಆದರೆ ಬರೀ ಅದನ್ನೇ ತಿಂದ ಹೇಂಟೆ ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ, ಆ ಕೊಬ್ಬೂ ಮೊಟ್ಟೆಯ ದಾರಿಯನ್ನು ಬಿಗಿ ಮಾಡುತ್ತದೆ. ನಾಟಿ ಹೇಂಟೆ ಒಂದಿಷ್ಟು ಮೊಟ್ಟೆಯಿಟ್ಟು ಕಾವಿಗೆ ಕೂತು ವಿಶ್ರಾಂತಿ ಪಡೆಯುವುದರಿಂದ ಹೇಗೋ ಸುಧಾರಿಸಿಕೊಳ್ಳುತ್ತದೆ. ಬಿಡುವಿಲ್ಲದೆ ಮೊಟ್ಟೆಯಿಡುವ ಸುಧಾರಿತ ತಳಿಗಳಿಗೆ ಆ ಅವಕಾಶ ಕಡಿಮೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಕೋಳಿಗಳಲ್ಲಿ ಚಿಪ್ಪು ಇನ್ನೂ ತೆಳುವಾಗುವುದರಿಂದ ಆಗ ನೆರಳು, ತಣ್ಣೀರು ತಪ್ಪಬಾರದು.

ಮೊಟ್ಟೆಕೋಳಿ ಆಹಾರವೆಂದು ಅಂಗಡಿಯಲ್ಲಿ ಸಿಗುವ ಮೇವಿನಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4ರಷ್ಟಿರುತ್ತದೆ, ದಿನದ ಮೇವಿನಲ್ಲಿ ಹೆಚ್ಚು ಪಾಲು ಅದೇ ಇದ್ದು, ಮೆಕ್ಕೆಜೋಳ ಸಂಜೆಯ ಹಿಡಿಕಾಳಷ್ಟೇ ಆಗಲಿ. ಜೊತೆಗೆ ಕಪ್ಪೆಚಿಪ್ಪಿನ ಚೂರನ್ನೋ, ಕುದಿಸಿ ಒಣಗಿಸಿ ಪುಡಿಮಾಡಿದ ಮೊಟ್ಟೆಚಿಪ್ಪನ್ನೋ ಮೇವಿಗೆ ಬೆರೆಸದೆ ಒಂದು ತೆಂಗಿನ ಚಿಪ್ಪಿನಲ್ಲಿ ಬೇರೆಯಾಗಿ ಇಟ್ಟರೆ ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಎಲೆಯಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ಕುಡಿಸಬೇಡಿ, ಅದು ಬಾಯಿ ಮತ್ತು ಗಂಟಲನ್ನು ಸುಡುತ್ತದೆ. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೆ ಮೊಟ್ಟೆಕೋಳಿ ಆಹಾರ ಹಾಕಿದರೆ ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುವುದರಿಂದ, ಅವುಗಳನ್ನು ಬೇರೆ ಮೇಯಿಸಬೇಕು.