ಮನವಿಯಲ್ಲಿ ‘ದಯವಿಟ್ಟು’ ಬೇಡ

ಹವಾಮಾನ ನ್ಯಾಯಕ್ಕಾಗಿ, ಅಂದರೆ ಹೆಚ್ಚು ಹೊಗೆ ಬಿಟ್ಟು ಹವಾಮಾನ ಕೆಡಿಸಿದ ದೇಶಗಳೇ ಅದರ ನಷ್ಟ ಹೊರಲಿ ಎಂದು ಓಡಾಡುವ ಹುಡುಗ ಹುಡುಗಿಯರಿಗೆ ಕಾನೂನಿನ ಪಾಠ ಹೇಳುವುದು ನನ್ನ ಕೆಲಸ. ಮೊದಲ ದಿನವೇ ಎಲ್ಲರಿಂದ ಒಂದು ಪುಟದ ಮನವಿ ಬರೆಸುತ್ತೇನೆ. ಬಹುಪಾಲು ಒಂದೇ ಥರ ಇರುತ್ತದೆ: ‘ಬಡ ದೇಶಗಳು ಕಷ್ಟದಲ್ಲಿವೆ, ದಯವಿಟ್ಟು ಸಹಾಯ ಮಾಡಿ.’ ಕೆಂಪು ಪೆನ್ನಿನಲ್ಲಿ ಮೊದಲು ‘ದಯವಿಟ್ಟು’ ಹೊಡೆದುಹಾಕುತ್ತೇನೆ, ಆಮೇಲೆ ‘ಸಹಾಯ’.

“ಮೇಡಂ, ವಿನಯದಿಂದ ಕೇಳಬಾರದಾ?” ಎಂದು ಒಬ್ಬಳು ಕೇಳಿದಳು. ಧಾರಾಳವಾಗಿ ಕೇಳಬಹುದಮ್ಮಾ. ಆದರೆ ಬದು ಒಡೆದು ನಮ್ಮ ಹೊಲಕ್ಕೆ ನೀರು ನುಗ್ಗಿಸಿದವರ ಹತ್ತಿರ ಹೋಗಿ ‘ಸಹಾಯ ಮಾಡಿ’ ಅಂತೀವಾ? ‘ನಷ್ಟ ತುಂಬಿಕೊಡಿ’ ಅಂತೀವಿ, ಅಲ್ವಾ?

ಸಹಾಯ ಅಂದ ತಕ್ಷಣ ಕೊಡುವವರ ಇಷ್ಟವೇ ನಡೆಯುತ್ತದೆ. 2022ರಲ್ಲಿ ಪಾಕಿಸ್ತಾನದ ಪ್ರವಾಹ ನೆನಪಿಸಿಕೊಳ್ಳಿ. 3 ಕೋಟಿ 30 ಲಕ್ಷ ಜನರ ಬದುಕು ನೀರುಪಾಲಾಯಿತು, 1,700ಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 3,000 ಕೋಟಿ ಡಾಲರ್ ಹಾನಿ. ಭೂಮಿಯನ್ನು ಬಿಸಿ ಮಾಡುವ ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ನೂರಕ್ಕೆ ಒಂದೂ ಇಲ್ಲ. ಮರುವರ್ಷ ಬೇರೆ ದೇಶಗಳು, ಅಂತರರಾಷ್ಟ್ರೀಯ ಬ್ಯಾಂಕುಗಳು ಜಿನೀವಾದಲ್ಲಿ ಸಭೆ ಸೇರಿ 900 ಕೋಟಿ ಡಾಲರಿಗೂ ಜಾಸ್ತಿ ಕೊಡುತ್ತೇವೆ ಎಂದರು. ಅದರಲ್ಲಿ ಬಹುಪಾಲು ಸಾಲ. ಮನೆ ಕೊಚ್ಚಿಹೋದವರು ಬಡ್ಡಿಯನ್ನೂ ಕಟ್ಟಬೇಕು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ದಾರಿ ತೋರಿಸಿದ್ದು ಒಂದು ಪುಟ್ಟ ದೇಶ. ಶಾಂತಸಾಗರದ ವನುವಾಟು, ಜನಸಂಖ್ಯೆ ಮೂರು ಲಕ್ಷದಷ್ಟು. ನಷ್ಟಕ್ಕೆ ಹಣ ಕೊಡುವ ವ್ಯವಸ್ಥೆ ಬೇಕು ಎಂದು ದ್ವೀಪದೇಶಗಳ ಪರವಾಗಿ 1991ರಲ್ಲೇ ಕೇಳಿತ್ತು. ‘ನಷ್ಟ ಮತ್ತು ಹಾನಿ’ ನಿಧಿಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ. ಮೂವತ್ತೊಂದು ವರ್ಷ! 2025ರ ಮಧ್ಯದವರೆಗೂ ಅದಕ್ಕೆ ಘೋಷಣೆಯಾದ ಹಣ 100 ಕೋಟಿ ಡಾಲರನ್ನೂ ಮುಟ್ಟಿರಲಿಲ್ಲ. ಮೂಗಿಗೆ ತುಪ್ಪ ಸವರಿದ ಹಾಗೆ.

ಈ ನಡುವೆ, 2019ರಲ್ಲಿ, ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಹಣದ ಮಾತು ಬದಿಗಿಟ್ಟು ಒಂದು ಪ್ರಶ್ನೆ ಹಿಡಿದು ಹೊರಟರು. ಹವಾಮಾನ ಕಾಪಾಡಲು ದೇಶಗಳಿಗೆ ಕಾನೂನಿನ ಪ್ರಕಾರ ಇರುವ ಹೊಣೆ ಏನು? ತಪ್ಪಿದರೆ ಏನಾಗುತ್ತದೆ? ಇದನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಲಿ ಎಂದರು. ಸರ್ಕಾರಗಳಿಗೆ ಪತ್ರ ಬರೆದರು, ವನುವಾಟು ಸರ್ಕಾರವನ್ನು ಒಪ್ಪಿಸಿದರು. 2023ರ ಮಾರ್ಚ್ ಮೊದಲ ವಾರ ಒಂದರ ಹಿಂದೆ ಒಂದು ಎರಡು ಚಂಡಮಾರುತ ವನುವಾಟುವನ್ನು ಬಡಿದವು. ಅದೇ ತಿಂಗಳ 29ರಂದು ವಿಶ್ವಸಂಸ್ಥೆಯ ಮಹಾಸಭೆ ಅವರ ಪ್ರಶ್ನೆಯನ್ನು ವಿರೋಧವಿಲ್ಲದೆ ಒಪ್ಪಿ ಕೋರ್ಟಿಗೆ ಕಳಿಸಿತು.

2025ರ ಜುಲೈ 23ರಂದು ನ್ಯಾಯಾಧೀಶರು ಒಮ್ಮತದಿಂದ ಉತ್ತರ ಕೊಟ್ಟರು. ಹೊಣೆ ಇದೆ. ಅದನ್ನು ಮುರಿದರೆ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅದು ತಪ್ಪು. ತಪ್ಪಿಗೂ ಹಾನಿಗೂ ಸಂಬಂಧ ತೋರಿಸಿದರೆ ಪೂರ್ಣ ಪರಿಹಾರ ಕೊಡಬೇಕಾಗಬಹುದು.

ಇದು ಸಲಹಾ ಅಭಿಪ್ರಾಯ, ಜಾರಿ ಮಾಡಲೇಬೇಕಾದ ಡಿಕ್ರಿ ಅಲ್ಲ. ನಾಳೆಯೇ ಯಾರ ಖಾತೆಗೂ ದುಡ್ಡು ಬರುವುದಿಲ್ಲ. ಆದರೆ ವಕೀಲರ ಕೈಗೆ ಇದು ಒಳ್ಳೆಯ ಆಧಾರ, ಸಂಧಾನದ ಮೇಜಿನಲ್ಲೂ ಅಷ್ಟೇ.

ಈಗ ಉಳಿದಿರುವುದು ಸಂಬಂಧ ತೋರಿಸುವ ಕೆಲಸ. ಹಾಗಾಗಿ ಎರಡನೇ ದಿನ ಮನವಿ ತಿದ್ದಿಸುವಾಗ ‘ಮನೆ ಬಿತ್ತು’ ಅಂತ ಸುಮ್ನೆ ಬರೆಯಲು ಬಿಡುವುದಿಲ್ಲ. ಯಾವ ದಿನ, ನೀರು ಎಲ್ಲಿಯವರೆಗೆ ಏರಿತ್ತು, ಮನೆ ಕಟ್ಟಿ ಎಷ್ಟು ವರ್ಷವಾಗಿತ್ತು, ಬಾವಿ ನೀರು ಉಪ್ಪಾಗಿದೆಯಾ, ಮಕ್ಕಳು ಎಷ್ಟು ದಿನ ಶಾಲೆಗೆ ಹೋಗಲಿಲ್ಲ, ಎಲ್ಲವೂ ಬೇಕು. ಫೋಟೊ ಹಿಂದೆ ತಾರೀಕು ಬರೆಯಿರಿ. ಮನೆ ಮತ್ತೆ ಕಟ್ಟಲು ಕೈಸಾಲ ಮಾಡಿದ್ದರೆ ಆ ಚೀಟಿಯ ನಕಲನ್ನೂ ಲಗತ್ತಿಸಿ.