ಊರಿಗೆ ಏನು ಬೇಕು ಎಂದು ಕೇಳಿದ ನೂರು ವರ್ಷ

1878ರ ಅರಣ್ಯ ಕಾಯಿದೆ ಬಂದ ಮೇಲೆ ಅಂದಿನ ಕೆನರಾ, ಅಂದರೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಬೆಟ್ಟಗಳು ಒಂದೊಂದಾಗಿ ರಿಸರ್ವ್ ಆದವು. ಸೌದೆ, ಸೊಪ್ಪು, ದನ ಮೇಯಿಸುವ ಜಾಗ ಎಲ್ಲದಕ್ಕೂ ಗಾರ್ಡಿನ ಮುಖ ನೋಡಬೇಕಾಯಿತು. ದೂರು ಹೆಚ್ಚಿದಾಗ ಮುಂಬಯಿ ಸರ್ಕಾರದ ಅಧಿಕಾರಿ ಕಾಲಿನ್ಸ್ ಕರಾವಳಿ ಭಾಗದ ಅಹವಾಲುಗಳನ್ನು ಪರಿಶೀಲಿಸಿ 1921ರಲ್ಲಿ ವರದಿ ಕೊಟ್ಟರು. ಊರಿಗೆ ಹತ್ತಿರದ ಕಾಡನ್ನು ಊರವರ ಕೈಗೇ ಕೊಡಬೇಕು ಎಂಬುದು ಅದರ ತಿರುಳು. ಕುಮಟಾ ತಾಲೂಕಿನ ಹಳಕಾರ, ಕಲ್ಲಬ್ಬೆ, ಮೂರೂರುಗಳಲ್ಲಿ ಗ್ರಾಮ ಅರಣ್ಯ ಪಂಚಾಯತ್‌ಗಳು ಹುಟ್ಟಿದ್ದು ಅದರ ಬೆನ್ನಿಗೆ.

ಇಂದಿನ ಭಾಷೆಯಲ್ಲಿ ಅದನ್ನು 'ನೀಡ್ ಅಸೆಸ್‌ಮೆಂಟ್' ಎನ್ನಬಹುದು. ಊರಿನ ಅಗತ್ಯವನ್ನು ಅರಿಯುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ಆದರೆ ಕೇಳುವವರು ಉತ್ತರವನ್ನು ಮೊದಲೇ ಕಿಸೆಯಲ್ಲಿಟ್ಟುಕೊಂಡು ಬಂದದ್ದೇ ಹೆಚ್ಚು. ಹಾಗಾಗಿ ಏನು ಕೇಳಿದರು ಎನ್ನುವುದಕ್ಕಿಂತ ಯಾರು, ಯಾವ ತಿಂಗಳಲ್ಲಿ, ಎಲ್ಲಿ ನಿಂತು ಕೇಳಿದರು ಎಂದು ನೋಡುವುದು ಒಳ್ಳೆಯದು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಬ್ಲಾಕ್, ಬಿಡಿಒ, ಗ್ರಾಮಸೇವಕ ಎಂಬ ಮಾತುಗಳು ಹಳ್ಳಿಗೆ ಬಂದದ್ದು ಆಗ. ಗ್ರಾಮಸೇವಕನ ಚೀಲದಲ್ಲಿ ಇದ್ದದ್ದು ಗುರಿಗಳ ಪಟ್ಟಿ: ಇಷ್ಟು ಗೊಬ್ಬರದ ಗುಂಡಿ, ಇಷ್ಟು ಚೀಲ ಬೀಜ. ಐದೇ ವರ್ಷದಲ್ಲಿ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಜನ ಇದರೊಳಗೆ ಬಂದೇ ಇಲ್ಲ ಎಂದು ಹೇಳಿ ಚುನಾಯಿತ ಪಂಚಾಯತ್ ವ್ಯವಸ್ಥೆಗೆ ಶಿಫಾರಸು ಮಾಡಿತು.

ಮುಂದಿನ ದೊಡ್ಡ ತಿರುವು 1980ರ ದಶಕದ ಕೊನೆಯದ್ದು. ಪಿಆರ್‌ಎ, ಅಂದರೆ ಜನರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ತಮ್ಮ ಊರಿನ ನಕ್ಷೆ ಬರೆದು, ಬೀಜ ಇಟ್ಟು ಲೆಕ್ಕ ಹಾಕುವ ವಿಧಾನ. ಭಾರತದಲ್ಲಿ ಇದನ್ನು ಮೊದಮೊದಲು ಬಳಸಿದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಒಂದು. ಈ ವಿಧಾನವನ್ನು ಪ್ರಚಾರಕ್ಕೆ ತಂದ ರಾಬರ್ಟ್ ಚೇಂಬರ್ಸ್ ಹೊರಗಿನಿಂದ ಬರುವವರ ಕುರುಡುಗಳನ್ನು ಹೆಸರಿಟ್ಟು ತೋರಿಸಿದ್ದರು: ಡಾಂಬರು ರಸ್ತೆಯ ಪಕ್ಕದ ಮನೆಗಳನ್ನಷ್ಟೇ ನೋಡುವುದು, ಬೇಸಿಗೆಯಲ್ಲಷ್ಟೇ ಬರುವುದು, ಗಂಡಸರೊಂದಿಗೆ, ಅದರಲ್ಲೂ ಮುಖಂಡರೊಂದಿಗೆ ಮಾತ್ರ ಮಾತಾಡುವುದು. ಉತ್ತರ ಕನ್ನಡದಲ್ಲಿ ಈ ಮೂರೂ ಎರಡು ಪಟ್ಟು ಪೆಟ್ಟು ಕೊಡುತ್ತವೆ. ಜೋಯಿಡಾದ ಕುಣಬಿ ಮಜರೆಗಳಲ್ಲಿ, ಯಲ್ಲಾಪುರದ ಸಿದ್ದಿ ಕೇರಿಗಳಲ್ಲಿ ಮನೆಯಿಂದ ಮನೆಗೆ ಕಾಡುದಾರಿ. ಜನವರಿಯಲ್ಲಿ ಜೀಪು ಹೋಗುವ ಹಾದಿಗೆ ಜುಲೈಯಲ್ಲಿ ಹಳ್ಳ ದಾಟುವ ಕಾಲುಸಂಕವೂ ಇರುವುದಿಲ್ಲ. ಜನವರಿಯಲ್ಲಿ ಕೇಳಿದರೆ 'ಸಮುದಾಯ ಭವನ' ಎಂಬ ಉತ್ತರ ಬಂದೀತು. ಜುಲೈಯಲ್ಲಿ ಕೇಳಿದರೆ 'ಸಂಕ'.

ನಕ್ಷೆ ಬರೆದರೆ ಸಾಲದು ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ಬ್ರಿಟಿಷ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಅರಣ್ಯ ಇಲಾಖೆಯ ಕೆನರಾ ವೃತ್ತಕ್ಕೆ ಬಂತು. 1993ರಲ್ಲಿ ಜಂಟಿ ಅರಣ್ಯ ಯೋಜನೆಯ ರಾಜ್ಯ ಆದೇಶ ಹೊರಟಿತು, ಗ್ರಾಮ ಅರಣ್ಯ ಸಮಿತಿಗಳಾದವು, ಊರವರನ್ನು ಕೂರಿಸಿ ಸೂಕ್ಷ್ಮ ಯೋಜನೆ ಬರೆಯುವುದು ಕಡ್ಡಾಯವಾಯಿತು. ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರನಿಗೆ ಬೇಕಾದದ್ದು ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣ ಎಲೆ). ಕೂಲಿ ಮಾಡುವವನಿಗೆ ಸೌದೆ, ಉಪ್ಪಾಗೆ, ಮುರುಗಲಿನಂಥ ಕಾಡುಹಣ್ಣು. ಗುಡ್ಡದಲ್ಲಿ ಎದ್ದುನಿಂತದ್ದು ಬಹುಪಾಲು ಅಕೇಶಿಯಾ. ನರ್ಸರಿಯಲ್ಲಿ ಇದ್ದ ಸಸಿ ಅದು, ಬೇಗ ಹಸಿರಾಗುವುದೂ ಅದು. ಸೌದೆಗೆ ಬಂತು, ಸೊಪ್ಪಿಗೆ ಬರಲಿಲ್ಲ. ಸೊಪ್ಪಿನ ಬೆಟ್ಟದ (ತೋಟದ ಸೊಪ್ಪಿಗೆಂದು ಬಿಟ್ಟ ಕಾಡಿನ) ಹಕ್ಕಿರುವವನ ಅಗತ್ಯವೂ ಬೆಟ್ಟವಿಲ್ಲದವನ ಅಗತ್ಯವೂ ಒಂದೇ ಸಾಲಿನಲ್ಲಿ 'ಊರವರ ಬೇಡಿಕೆ' ಎಂದು ಸೇರಿದ್ದು ಇನ್ನೊಂದು ತಪ್ಪು. ಊರು ಎಂಬುದು ಒಂದೇ ಬಾಯಿ ಅಲ್ಲ.

ಅಗತ್ಯ ಎಂಬ ಮಾತಿಗೇ ನಾಲ್ಕು ಅರ್ಥಗಳಿವೆ ಎಂದು 1972ರಲ್ಲಿ ಬ್ರಿಟನ್ನಿನ ಸಮಾಜನೀತಿ ತಜ್ಞ ಜೊನಾಥನ್ ಬ್ರಾಡ್‌ಶಾ ವಿಂಗಡಿಸಿದರು. ಅಘನಾಶಿನಿ ಅಳಿವೆಯ ದಂಡೆಯ ಒಂದು ಕೇರಿಯ ನೀರನ್ನೇ ತೆಗೆದುಕೊಳ್ಳಿ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಬೇಕು. ಇದು ತಜ್ಞರ ಮಾನದಂಡ ಹೇಳುವ ಅಗತ್ಯ. ಬೇಸಿಗೆ ಬಂತೆಂದರೆ ಬಾವಿ ಸವಳು, ಅನ್ನ ಬೇಯಿಸಲಾಗದು ಎನ್ನುತ್ತಾರೆ ಹೆಂಗಸರು. ಇದು ಅನುಭವಿಸಿದ ಅಗತ್ಯ. ಪಂಚಾಯತಿಗೆ ಬಂದ ಟ್ಯಾಂಕರ್ ಅರ್ಜಿಗಳು ವ್ಯಕ್ತವಾದ ಅಗತ್ಯ. ಪಕ್ಕದ ಕೇರಿಗೆ ನಳ ಬಂದಿದೆ, ನಮಗಿಲ್ಲ ಎಂಬುದು ಹೋಲಿಕೆಯ ಅಗತ್ಯ. ನಾಲ್ಕೂ ಒಂದೇ ಕಡೆ ಬೊಟ್ಟು ಮಾಡಿದರೆ ಚರ್ಚೆ ಬೇಡ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಮನೆ ಸಮೀಕ್ಷೆಯ ಹಾಳೆಯಲ್ಲಿ 'ಬಾವಿ ಇದೆಯೇ? ಹೌದು' ಎಂದು ಗುರುತು ಬಿದ್ದರೆ ಸವಳು ಬಾವಿಯೂ ಸಿಹಿ ಬಾವಿಯಾಗಿಬಿಡುತ್ತದೆ. ಅರ್ಜಿ ಬರೆಯಲು ಬಾರದ ಕೇರಿಯಿಂದ ಅರ್ಜಿಯೇ ಬರುವುದಿಲ್ಲ, ಆದ್ದರಿಂದ ಅಲ್ಲಿ ಸಮಸ್ಯೆಯೂ ಇಲ್ಲ!

ಸಂಸ್ಥೆಗಳ ವಿಷಯದಲ್ಲಿ ಅಮೆರಿಕದ ವಿದ್ವಾಂಸ ರೋಜರ್ ಕೌಫ್‌ಮನ್ ಇನ್ನೂ ಬಿಗಿಯಾದ ಮಾತು ಹೇಳಿದರು: ಅಗತ್ಯವೆಂದರೆ ಇರುವ ಫಲಿತಾಂಶಕ್ಕೂ ಇರಬೇಕಾದ ಫಲಿತಾಂಶಕ್ಕೂ ನಡುವಿನ ಅಂತರ, ವಸ್ತುವಿನ ಕೊರತೆಯಲ್ಲ. ಒಂದು ಸೇವಾ ಸಹಕಾರಿ ಸಂಘ 'ಸಿಬ್ಬಂದಿಗೆ ಕಂಪ್ಯೂಟರ್ ತರಬೇತಿ ಬೇಕು' ಎನ್ನುತ್ತದೆ ಅನ್ನಿ. ಸಾಲದ ಕಡತ ಎಷ್ಟು ದಿನ ಯಾರ ಮೇಜಿನ ಮೇಲೆ ಕೂತಿತ್ತು ಎಂದು 20 ಕಡತಗಳನ್ನು ತೆಗೆದು ನೋಡಿ. ವಿಳಂಬವೆಲ್ಲ ಪಾಸ್‌ವರ್ಡ್ ಇರುವ ಒಬ್ಬರ ಮೇಜಿನಲ್ಲೇ ಆಗಿದ್ದರೆ ತರಬೇತಿಗೆ ಹಾಕಿದ ದುಡ್ಡು ನೀರುಪಾಲು.

ಪಂಚಾಯತ್ ದಾರಿಗೆ ಬರೋಣ. ರಾಜ್ಯದಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳು ಬಂದವು. 1993ರ ಕಾಯಿದೆ ಗ್ರಾಮಸಭೆಗೆ ಕಾನೂನಿನ ಬಲ ಕೊಟ್ಟಿತು. 14ನೇ ಹಣಕಾಸು ಆಯೋಗದ ಹಣ 2015ರಿಂದ ನೇರ ಗ್ರಾಮ ಪಂಚಾಯತಿಗೆ ಬರತೊಡಗಿದಾಗ ವಾರ್ಷಿಕ ಅಭಿವೃದ್ಧಿ ಯೋಜನೆ ಅನಿವಾರ್ಯವಾಯಿತು. ಕಾಗದದ ಮೇಲೆ ಅಗತ್ಯವನ್ನು ಗುರುತಿಸುವ ಹಕ್ಕು ಈಗ ಗ್ರಾಮಸಭೆಯದ್ದೇ. ಆದರೆ 15ನೇ ಆಯೋಗದ ಅವಧಿಯಲ್ಲಿ 2021–22ರಿಂದ 2025–26ರವರೆಗೆ ಅನುದಾನದ 60 ಶೇಕಡಾ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಸಭೆಯಲ್ಲಿ ಕುಳಿತವರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಸಿಗುವುದನ್ನೇ ಕೇಳುತ್ತಾರೆ. ಚರಂಡಿ, ಪೈಪ್‌ಲೈನ್ ಎಂದು ಠರಾವು ಬರೆಯುತ್ತಾರೆ. ಪಂಚಾಯತ್ ಯೋಜನೆ ಬರೆಯುವ ಜನರ ಯೋಜನೆ ಅಭಿಯಾನದ ಸಭೆಗಳು ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ. ಅದೇ ಹೊತ್ತಿಗೆ ಕರಾವಳಿಯಲ್ಲಿ ಭತ್ತದ ಕೊಯ್ಲು, ದೋಣಿಗಳೆಲ್ಲ ಕಡಲಲ್ಲಿ, ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರು. ಕೋರಂ ತುಂಬುವುದು ಹೇಗೋ ಆಗುತ್ತದೆ.

ಭೂಸ್ವಾಧೀನದ ಚರಿತ್ರೆ ಬೇರೆಯದೇ ಪಾಠ ಹೇಳುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಆಗ ಜಾರಿಯಲ್ಲಿದ್ದ 1894ರ ಕಾಯಿದೆ ಎಣಿಸುತ್ತಿದ್ದದ್ದು ಭೂಮಿ, ಮನೆ, ಮರ. ಇನ್ನೊಬ್ಬರ ದೋಣಿಯಲ್ಲಿ ಪಾಲಿಗೆ ಹೋಗುವವನ, ತಲೆಹೊರೆಯಲ್ಲಿ ಮೀನು ಮಾರುವವಳ, ಹಿನ್ನೀರಲ್ಲಿ ಚಿಪ್ಪೆಕಲ್ಲು ಆರಿಸುವವಳ ಬದುಕಿಗೆ ಆ ಪಂಚನಾಮೆಯಲ್ಲಿ ಕಾಲಂ ಇಲ್ಲ. 2013ರ ಕಾಯಿದೆ ಜೀವನೋಪಾಯ ಕಳೆದುಕೊಳ್ಳುವವರನ್ನೂ ಬಾಧಿತರೆಂದು ಸೇರಿಸಿ, ಆರು ತಿಂಗಳೊಳಗೆ ಮುಗಿಸಬೇಕಾದ ಸಾಮಾಜಿಕ ಪರಿಣಾಮ ಅಧ್ಯಯನವನ್ನು ತಂದಿತು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಮಾತ್ರ ತಮಾಷೆ ಹಾಗೇ ಉಳಿದಿದೆ: 2021ರ ತಿದ್ದುಪಡಿ ದೊಡ್ಡ ಯೋಜನೆಗಳಿಗೆ ಪರಿಣಾಮ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು, ಮೊದಲು ಅಗತ್ಯ ಕೇಳಿದಿರಾ ಎಂಬುದನ್ನಲ್ಲ.

ಇಷ್ಟೆಲ್ಲ ಗೊತ್ತಿದ್ದು ಈಗ ಒಂದು ಊರಲ್ಲಿ ಈ ಕೆಲಸ ಮಾಡುವವರು ಮೊದಲು ಬರೆದುಕೊಳ್ಳಬೇಕಾದ್ದು ಒಂದೇ ಸಾಲು: ಈ ಅಧ್ಯಯನದ ಮೇಲೆ ಯಾರು, ಯಾವ ತಾರೀಖಿಗೆ, ಯಾವ ತೀರ್ಮಾನ ಮಾಡುತ್ತಾರೆ? ಉತ್ತರವಿಲ್ಲದಿದ್ದರೆ ಊರವರ ಸಮಯ ಹಾಳು ಮಾಡಬೇಡಿ. ಆಮೇಲೆ ಇರುವ ದಾಖಲೆ: ಆಶಾ ಮತ್ತು ಅಂಗನವಾಡಿ ರಿಜಿಸ್ಟರ್, ಶಾಲೆಯ ಹಾಜರಿ, ಪಡಿತರ ಪಟ್ಟಿ. ಜನಗಣತಿ 2011ರದ್ದು, ಹಳತು; ಅದನ್ನು ಗಡಿ ಗುರುತಿಗಷ್ಟೇ ಬಳಸಿ. ಮೂರನೆಯದು ನಡಿಗೆ. ಘಟ್ಟದ ಮೇಲೆ ಬೆಟ್ಟದ ತಲೆಯಿಂದ ತೋಟದ ಮೂಲಕ ಗದ್ದೆಗೆ, ಕರಾವಳಿಯಲ್ಲಿ ಹೆದ್ದಾರಿಯಿಂದ ಗಜನಿ (ಉಪ್ಪುನೀರಿನ ಗದ್ದೆ) ದಾಟಿ ಕಡಲಿಗೆ. ಇಡೀ ಅರ್ಧ ದಿನ ಬೇಕು.

ಮನೆ ಸಮೀಕ್ಷೆಗೆ ಎಷ್ಟು ಮನೆ? ಒಟ್ಟು ಮನೆಗಳನ್ನು 0.0025ರಿಂದ ಗುಣಿಸಿ ಅದಕ್ಕೆ ಒಂದು ಕೂಡಿಸಿ; ಬಂದ ಸಂಖ್ಯೆಯಿಂದ ಒಟ್ಟು ಮನೆಗಳನ್ನು ಭಾಗಿಸಿ. ಇದು 5 ಶೇಕಡಾ ತಪ್ಪಿಗೆ ಒಪ್ಪುವ ಸರಳ ಸೂತ್ರ. 500 ಮನೆಗೆ 222, 1000ಕ್ಕೆ 286. 100 ಮನೆಗೆ 80 ಬರುತ್ತದೆ, ಅಂಥಲ್ಲಿ ಎಲ್ಲವನ್ನೂ ಮಾಡಿಬಿಡುವುದೇ ಸುಲಭ. ಆದರೆ ಸರಾಸರಿಯಲ್ಲಿ ಸಣ್ಣ ಕೇರಿ ಮುಳುಗುತ್ತದೆ: 500ರಲ್ಲಿ 18 ಮನೆ ಇರುವ ಮಜರೆಯಿಂದ 8 ಮನೆ ಸಿಗುತ್ತವೆ, ಅದರಿಂದ ಏನೂ ಹೇಳಲಾಗದು. ಅಂಥ ಮಜರೆಯ ಎಲ್ಲ ಮನೆ ಸುತ್ತಿ, ಲೆಕ್ಕ ಬೇರೆ ಇಡಿ.

ಪ್ರಶ್ನೆ 25 ದಾಟಬಾರದು, ಮೊದಲು 10 ಮನೆಯಲ್ಲಿ ಪರೀಕ್ಷಿಸಿ. 'ಶೌಚಾಲಯ ಬೇಕೇ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ಹೋದ ಏಪ್ರಿಲ್‌ನಲ್ಲಿ ಕುಡಿಯುವ ನೀರು ಎಲ್ಲಿಂದ ತಂದಿರಿ, ಯಾರು ತಂದರು, ಒಂದು ಸಲಕ್ಕೆ ಎಷ್ಟು ಹೊತ್ತು?' ಎಂದು ನಡೆದದ್ದನ್ನು ಕೇಳಿ. ಕೇಳುವವರಿಗೆ ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ ಬರಬೇಕು. ಹಾಲಕ್ಕಿ ಅಜ್ಜಿಗೆ ಸರ್ಕಾರಿ ಕನ್ನಡದಲ್ಲಿ ಕೇಳಿದರೆ 'ಹೌದು ಸರ್' ಬಿಟ್ಟು ಬೇರೆ ಉತ್ತರ ಸಿಗದು.

ಆದ್ಯತೆಗೆ ಜೋಡಿ ಹೋಲಿಕೆ ಒಳ್ಳೆಯದು, ಎರಡೆರಡನ್ನೇ ಇಟ್ಟು ಯಾವುದು ಮೊದಲು ಎಂದು ಕೇಳುವುದು. ಆರು ವಿಷಯಕ್ಕೆ 15 ಜೋಡಿ, ಎಂಟಕ್ಕೆ 28. ಎಂಟು ವಿಷಯವಾದರೆ ಮುಗಿಯುವ ಮೊದಲೇ ಜನ ಎದ್ದು ಹೋಗುತ್ತಾರೆ. ಹೆಂಗಸರ ಗುಂಪು ಬೇರೆ, 6ರಿಂದ 10 ಜನ, ಮಧ್ಯಾಹ್ನದ ಊಟ ಮುಗಿದ ಮೇಲೆ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಸುಲಿಯುವ ಚಪ್ಪರದಲ್ಲೇ ಕೂತು ಮಾತಾಡಬಹುದು. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ ಸರಿಹೊಂದುತ್ತದೆ, ಬಲೆ ರಿಪೇರಿಗೆ ಕೂತಿರುತ್ತಾರೆ. ಗಂಡಸರ ಅಂಕ, ಹೆಂಗಸರ ಅಂಕ ಕೂಡಿಸಿ ಸರಾಸರಿ ತೆಗೆಯಬೇಡಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸಭೆಯಲ್ಲಿ ಮಾತು ಹುಟ್ಟುತ್ತದೆ.

ನೆಲದ ಮೇಲೆ ಬರೆದ ನಕ್ಷೆಯನ್ನು ಅಲ್ಲಿಂದೇಳುವ ಮೊದಲು ದೊಡ್ಡ ಹಾಳೆಗೆ ಇಳಿಸಿ ಎರಡು ಪ್ರತಿ ಮಾಡಿ. ಮೂಲ ಹಾಳೆ ಊರಿನ ಶಾಲೆಯಲ್ಲೋ ಸಂಘದ ಕೋಣೆಯಲ್ಲೋ ಉಳಿಯಲಿ, ಒಂದು ಪ್ರತಿ ಪಿಡಿಒ ಬಳಿ, ಇನ್ನೊಂದನ್ನು ನೀವು ಒಯ್ಯಿರಿ. ಮುಂದಿನ ಗ್ರಾಮಸಭೆಯಲ್ಲಿ ಕೇರಿಯವರು ಮೂಲವನ್ನೇ ಬಿಡಿಸಿ ಗೋಡೆಗೆ ಹಚ್ಚಿದರೆ ಠರಾವು ಬರೆಯುವವರಿಗೆ ಸಂಕದ ಜಾಗ ಎದುರಿಗೇ ಕಾಣುತ್ತದೆ.